ಜೋರಾದ ಫ್ಲೂ ಸೀಸನ್‌ಗೆ ಆಸ್ಪತ್ರೆಯೂ ಮನೆಯೂ ತಯಾರಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೂ ಪ್ರತಿ ವರ್ಷ ಬರುತ್ತದೆ. ಕೆಲವು ವರ್ಷ ಸದ್ದಿಲ್ಲದೆ ಬಂದು ಹೋಗುತ್ತದೆ. ಕೆಲವು ವರ್ಷ ಆಸ್ಪತ್ರೆಯ ಕಾರಿಡಾರ್‌ನಲ್ಲೂ ರೋಗಿಗಳನ್ನು ಮಲಗಿಸಬೇಕಾಗುತ್ತದೆ. ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವು ಜನರು ಕೇಳುವಂಥವು, ಕೆಲವು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಕೇಳುವಂಥವು. ಎರಡನ್ನೂ ಬೇಕಂತಲೇ ಒಟ್ಟಿಗೆ ಇಟ್ಟಿದ್ದೇನೆ. ಇವತ್ತು ಮನೆಮನೆಯಲ್ಲಿ ಆಗುತ್ತಿರುವುದೇ ಕೆಲವು ದಿನಗಳ ನಂತರ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಫ್ಲೂ ಅಂದರೆ ಜೋರಾದ ನೆಗಡಿ ಅಷ್ಟೇ ಅಲ್ವಾ?

ಅಲ್ಲ. ನೆಗಡಿ ನಿಧಾನವಾಗಿ ಶುರುವಾಗುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಆದರೂ ಓಡಾಡಿಕೊಂಡು ಇರಬಹುದು. ಫ್ಲೂ ಇದ್ದಕ್ಕಿದ್ದಂತೆ ಹಿಡಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿದಿರುತ್ತಾರೆ. ಜ್ವರ, ಚಳಿ, ಮೈಕೈ ನೋವು, ತಲೆನೋವು, ಒಣ ಕೆಮ್ಮು, ಎದ್ದು ನಿಲ್ಲಲಾಗದಷ್ಟು ಸುಸ್ತು. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಊಟ ಬೇಡ ಅನ್ನುತ್ತಾರೆ, ಏನೇನೋ ಮಾತಾಡುತ್ತಾರೆ, ನಡೆಯುವಾಗ ಬೀಳುತ್ತಾರೆ. ಇದು ಫ್ಲೂ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 100 ಕೋಟಿ ಜನರಿಗೆ ಫ್ಲೂ ತಗಲುತ್ತದೆ. ಅದರಲ್ಲಿ 30ರಿಂದ 50 ಲಕ್ಷ ಜನರಿಗೆ ಕಾಯಿಲೆ ತೀವ್ರವಾಗುತ್ತದೆ. ಉಸಿರಾಟದ ತೊಂದರೆಯಿಂದಲೇ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ಇದು ಮಹಾಮಾರಿಯ ವರ್ಷದ ಲೆಕ್ಕವಲ್ಲ, ಮಾಮೂಲಿ ವರ್ಷಗಳದ್ದು.

ಈ ಸಲ ಜೋರಾಗಿರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ. ಫ್ಲೂ ವೈರಸ್ ಮೇಲೆ ಕಣ್ಣಿಡಲು 1952ರಿಂದಲೂ ಜಾಗತಿಕ ಪ್ರಯೋಗಾಲಯಗಳ ಜಾಲವೊಂದು ಕೆಲಸ ಮಾಡುತ್ತಿದೆ. ಭೂಮಿಯ ಒಂದು ಅರ್ಧದಲ್ಲಿ ಚಳಿಗಾಲ ಮುಗಿಯುವಾಗ ಇನ್ನೊಂದು ಅರ್ಧಕ್ಕೆ ಸುಳಿವು ಸಿಗುತ್ತದೆ: ಯಾವ ತಳಿ ಓಡಾಡುತ್ತಿದೆ, ಯಾವ ವಯಸ್ಸಿನವರು ಜಾಸ್ತಿ ದಾಖಲಾಗುತ್ತಿದ್ದಾರೆ, ಲಸಿಕೆ ಎಷ್ಟು ಕೆಲಸ ಮಾಡುತ್ತಿದೆ. ಎಚ್3ಎನ್2 ಅನ್ನುವ ಫ್ಲೂ ತಳಿ ಮೇಲುಗೈ ಪಡೆದ ವರ್ಷಗಳಲ್ಲಿ ಸಾಮಾನ್ಯವಾಗಿ ವಯಸ್ಸಾದವರಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಉಷ್ಣವಲಯದ ದೇಶಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಫ್ಲೂ ವರ್ಷವಿಡೀ ಇರುತ್ತದೆ, ಮಳೆಗಾಲದಲ್ಲಿ ಏರಬಹುದು, ವರ್ಷಕ್ಕೆ ಎರಡು ಸಲವೂ ಏರಬಹುದು.

ಆದರೆ ಸುಳಿವೇ ಬೇರೆ, ಭರವಸೆಯೇ ಬೇರೆ. ವೈರಸ್ ದಾರಿಯಲ್ಲೇ ರೂಪ ಬದಲಿಸುತ್ತದೆ. 2014-15ರಲ್ಲಿ ಉತ್ತರಾರ್ಧಗೋಳದಲ್ಲಿ ಹಾಗೇ ಆಯಿತು. ಲಸಿಕೆಗೆ ತಳಿ ಆರಿಸಿದ ಮೇಲೆ ಎಚ್3ಎನ್2 ಬದಲಾಯಿತು, ಲಸಿಕೆ ಅದಕ್ಕೆ ಸರಿಯಾಗಿ ಹೊಂದಲಿಲ್ಲ. ಅದಕ್ಕೇ, ಮುನ್ಸೂಚನೆ ಬರಲಿ, ಆಮೇಲೆ ನೋಡೋಣ ಅನ್ನುವ ಆಸ್ಪತ್ರೆ ಯಾವಾಗಲೂ ತಡವಾಗಿಯೇ ತಯಾರಾಗುತ್ತದೆ. ಪ್ರತಿ ವರ್ಷವನ್ನೂ ಕೆಟ್ಟ ವರ್ಷ ಅಂತಲೇ ಎಣಿಸಿ ಸಿದ್ಧವಾಗುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ಹಾಸಿಗೆ ಹೆಚ್ಚಿಸಿದರೆ ಸಾಕಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಾಸಿಗೆ ಒಂದು ದಿನದಲ್ಲಿ ತರಬಹುದು. ಅದರ ಪಕ್ಕ ನಿಲ್ಲುವ ನರ್ಸ್ ಒಂದು ದಿನದಲ್ಲಿ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಬೇಕು ಅಂದುಕೊಳ್ಳೋಣ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 40 ಗಂಟೆ ಕೆಲಸ ಮಾಡಿದರೆ ನಾಲ್ಕು ಜನ ಸಾಲುವುದಿಲ್ಲ. ರಜೆ, ಕಾಯಿಲೆ ಎಲ್ಲ ಸೇರಿಸಿದರೆ ಒಂದು ಐಸಿಯು ಹಾಸಿಗೆಯ ಹಿಂದೆ ಐದಾರು ಜನ ಇರಬೇಕು. ಹತ್ತು ಹಾಸಿಗೆ ಹೆಚ್ಚಿಸುತ್ತೇವೆ ಅಂತ ಹೇಳುವವರು ಈ ಐವತ್ತು ಅರವತ್ತು ಜನ ಎಲ್ಲಿಂದ ಬರುತ್ತಾರೆ ಅಂತಲೂ ಹೇಳಬೇಕು.

ಫ್ಲೂನಿಂದ ಶ್ವಾಸಕೋಶ ತೀರಾ ಹದಗೆಟ್ಟವರನ್ನು ಹಲವು ಸಲ ಹೊಟ್ಟೆಯ ಮೇಲೆ ಮಲಗಿಸಬೇಕಾಗುತ್ತದೆ, ಅದೂ ದಿನಕ್ಕೆ 16 ಗಂಟೆಯಷ್ಟು ಹೊತ್ತು. ಬಾಯಲ್ಲಿ ಉಸಿರಿನ ಕೊಳವೆ, ಕುತ್ತಿಗೆಯಲ್ಲಿ ಔಷಧಿಯ ಲೈನ್, ಕೆಳಗೆ ಮೂತ್ರದ ಕೊಳವೆ. ಒಬ್ಬರು ತಲೆಯ ಹತ್ತಿರ ನಿಂತು ಕೊಳವೆ ಜಾರದಂತೆ ಹಿಡಿದು ಎಣಿಸುತ್ತಾರೆ, ಎರಡೂ ಕಡೆ ಇಬ್ಬಿಬ್ಬರು ಒಟ್ಟಿಗೆ ತಿರುಗಿಸುತ್ತಾರೆ. ಅಷ್ಟು ಹೊತ್ತು ಆ ಐದು ಜನರ ಉಳಿದ ರೋಗಿಗಳನ್ನು ಯಾರು ನೋಡಬೇಕು? ಕೆಟ್ಟ ಸೀಸನ್‌ನಲ್ಲಿ ಆಸ್ಪತ್ರೆ ಕುಸಿಯುವುದು ಇಂಥ ಜಾಗದಲ್ಲಿ. ಸಿಬ್ಬಂದಿಗೂ ಅದೇ ವಾರಗಳಲ್ಲಿ ಫ್ಲೂ ಬರುತ್ತದೆ, ಅವರ ಮಕ್ಕಳೂ ಜ್ವರ ಬಂದು ಮನೆಯಲ್ಲಿರುತ್ತಾರೆ ಅನ್ನುವುದನ್ನು ಯೋಜನೆ ಬರೆಯುವಾಗ ಮರೆಯುತ್ತೇವೆ.

ಹಾಗಾಗಿ ತಯಾರಿ ಅಂದರೆ ಮೊದಲು ಜನರ ಪಟ್ಟಿ. ಯಾವ ವಾರ್ಡಿನವರು ಐಸಿಯುಗೆ ಸಹಾಯಕ್ಕೆ ಹೋಗಬಲ್ಲರು? ಅವರಿಗೆ ಈಗಲೇ ನಾಲ್ಕು ದಿನ ಅಲ್ಲಿ ತರಬೇತಿ ಕೊಡಿ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆ ಯಾವುದು, ಮುಂದೂಡಲೇಬಾರದ್ದು ಯಾವುದು? ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ಸುಮ್ನೆ ತಳ್ಳುವ ಹಾಗಿಲ್ಲ. ಇದನ್ನು ಗಲಾಟೆಯ ಮಧ್ಯೆ ರಾತ್ರಿ ಎರಡು ಗಂಟೆಗೆ ಒಬ್ಬ ಡ್ಯೂಟಿ ಡಾಕ್ಟರ್ ತೀರ್ಮಾನಿಸುವಂತೆ ಆಗಬಾರದು. ಎಷ್ಟು ರೋಗಿಗಳಾದಾಗ ಯಾವ ಹೆಜ್ಜೆ, ಯಾರು ಹೇಳಿದರೆ ಶುರು ಅಂತ ಮೊದಲೇ ಬರೆದಿಡಬೇಕು.

ಆಕ್ಸಿಜನ್ ಎಷ್ಟು ಇರಬೇಕು?

ಎಷ್ಟು ಸಿಲಿಂಡರ್ ಇದೆ ಅಂತ ಎಣಿಸಿದರೆ ಸಾಲದು, ಎಷ್ಟು ಗಂಟೆ ಬರುತ್ತದೆ ಅಂತ ಎಣಿಸಬೇಕು. ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಹೋಗುವ ರೋಗಿಗೆ ಅದು 23 ಗಂಟೆ ಬರುತ್ತದೆ. 10 ಲೀಟರ್ ಆದರೆ ಹನ್ನೊಂದೂವರೆ ಗಂಟೆ. ಮೂಗಿನ ಮೂಲಕ ರಭಸವಾಗಿ ಕೊಡುವ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಹೋದರೆ ಎರಡು ಗಂಟೆಯೂ ಬರುವುದಿಲ್ಲ. ಅಂಥ ಮೂರು ಯಂತ್ರ ಒಟ್ಟಿಗೆ ಓಡಿದರೆ ಚಿಕ್ಕ ಆಸ್ಪತ್ರೆಯ ಇಡೀ ದಾಸ್ತಾನು ಒಂದು ರಾತ್ರಿಯಲ್ಲಿ ಖಾಲಿ.

ದ್ರವ ಆಕ್ಸಿಜನ್ ಟ್ಯಾಂಕ್ ಇರುವ ಕಡೆ ಇನ್ನೊಂದು ತೊಂದರೆ. ಟ್ಯಾಂಕ್ ತುಂಬಿರುತ್ತದೆ, ಆದರೆ ಹಳೆಯ ವಾರ್ಡಿನ ಪೈಪ್ ಅಷ್ಟು ರಭಸ ತಡೆಯುವುದಿಲ್ಲ, ಸಾಲಿನ ಕೊನೆಯ ಹಾಸಿಗೆಯಲ್ಲಿ ಒತ್ತಡ ಇಳಿಯುತ್ತದೆ. ಸೀಸನ್‌ಗೆ ಮೊದಲು ಎಂಜಿನಿಯರ್‌ನ ಕರೆದು ಎಲ್ಲ ಔಟ್‌ಲೆಟ್ ಒಟ್ಟಿಗೆ ತೆರೆದು ನೋಡಿ. ಎಲ್ಲರ ರಕ್ತದಲ್ಲೂ ಆಕ್ಸಿಜನ್ ಮಟ್ಟ ಶೇ. 100 ತೋರಿಸಬೇಕು ಅಂತ ಆಕ್ಸಿಜನ್ ಹರಿಸುವ ಅಭ್ಯಾಸವನ್ನೂ ಬಿಡಿಸಬೇಕು. ರೋಗಿಗೆ ಬೇಕಾದಷ್ಟೇ ಕೊಡುವುದು ಜಿಪುಣತನವಲ್ಲ, ಒಳ್ಳೆಯ ಚಿಕಿತ್ಸೆ.

ಆಸ್ಪತ್ರೆಯೊಳಗೇ ಫ್ಲೂ ಹರಡದಂತೆ ಏನು ಮಾಡಬೇಕು?

ಬಾಗಿಲಿನಿಂದಲೇ ಶುರು. ಒಳಗೆ ಬರುವವರಿಗೆ "ಜ್ವರ ಇದೆಯಾ, ಕೆಮ್ಮು ಇದೆಯಾ?" ಅಂತ ಕೇಳಲು ಒಬ್ಬರು, ಕೊಡಲು ಮಾಸ್ಕ್, ಕೂರಲು ಕಿಟಕಿ ತೆರೆದ ಬೇರೆ ಜಾಗ. ಕೆಮ್ಮುವವರು ಕೀಮೋ ತೆಗೆದುಕೊಳ್ಳಲು ಬಂದವರ ಪಕ್ಕದಲ್ಲಿ ಎರಡು ಗಂಟೆ ಕೂರುವಂತೆ ಆಗಲೇಬಾರದು. ದಾಖಲಾದವರಿಗೆ ಪ್ರತ್ಯೇಕ ಕೋಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫ್ಲೂ ಖಚಿತವಾದವರನ್ನು ಒಂದೇ ಕಡೆ ಇಡಿ, ಹಾಸಿಗೆಗಳ ನಡುವೆ ಕನಿಷ್ಠ 1 ಮೀಟರ್ ಬಿಡಿ. ಕಾಯಿಲೆ ಶುರುವಾಗಿ 7 ದಿನ, ಅಥವಾ ಜ್ವರ ಮತ್ತು ಉಸಿರಾಟದ ಲಕ್ಷಣ ಹೋಗಿ 24 ಗಂಟೆ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಎಚ್ಚರಿಕೆ ಮುಂದುವರಿಸಬೇಕು. ನೋಡಲು ಬರುವವರನ್ನು ಕಡಿಮೆ ಮಾಡಿ. ಆದರೆ ಸಾಯುವ ಸ್ಥಿತಿಯಲ್ಲಿರುವವರ ಹತ್ತಿರ ಒಬ್ಬರಾದರೂ ಮನೆಯವರು ಇರಲು ಬಿಡಿ, ಮಾಸ್ಕ್ ಹಾಕಿಸಿ.

ಸಿಬ್ಬಂದಿಗೆ ಲಸಿಕೆ ಹಾಕಿಸಿದ್ದಾಯಿತು. ಇನ್ನೇನು?

ಸಂಬಳದ ರಜೆ. ದಿನಗೂಲಿ ಕಡಿತವಾಗುತ್ತದೆ ಅಂದರೆ ಜ್ವರ ಇದ್ದರೂ ಮಾತ್ರೆ ನುಂಗಿ ಡ್ಯೂಟಿಗೆ ಬರುತ್ತಾರೆ. ವಾರ್ಡ್ ಸ್ವಚ್ಛ ಮಾಡುವವರು, ಸ್ಟ್ರೆಚರ್ ತಳ್ಳುವವರು, ಊಟ ಹಂಚುವವರು ದಿನಕ್ಕೆ ಹತ್ತಾರು ರೋಗಿಗಳ ಹತ್ತಿರ ಹೋಗುತ್ತಾರೆ, ಗುತ್ತಿಗೆಯವರು ಅನ್ನುವ ಕಾರಣಕ್ಕೆ ಲಸಿಕೆಯ ಪಟ್ಟಿಯಲ್ಲೂ ಇರುವುದಿಲ್ಲ, ರಜೆಯ ಪಟ್ಟಿಯಲ್ಲೂ ಇರುವುದಿಲ್ಲ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ವೈರಸ್ ಯಾರ ಗುರುತಿನ ಚೀಟಿಯನ್ನೂ ನೋಡುವುದಿಲ್ಲ.

ಲಸಿಕೆಯನ್ನು ವಾರ್ಡಿಗೇ ತೆಗೆದುಕೊಂಡು ಹೋಗಿ ಹಾಕಿ, ರಾತ್ರಿ ಪಾಳಿಯಲ್ಲೂ ಹಾಕಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಹೆಪ್ಪುಗಟ್ಟಿದರೆ ಬಳಸಬೇಡಿ.

ಎಲ್ಲರಿಗೂ ಟೆಸ್ಟ್ ಮಾಡಬೇಕೇ?

ಬೇಡ. ಆರೋಗ್ಯವಾಗಿದ್ದು ಸಾಧಾರಣ ಜ್ವರ ಬಂದವರಲ್ಲಿ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ದಾಖಲಾಗುವವರಿಗೆ, ಅಪಾಯ ಹೆಚ್ಚಿರುವವರಿಗೆ ಮಾಡಿ. ಕೂಡಲೇ ಫಲಿತಾಂಶ ಕೊಡುವ ಆ್ಯಂಟಿಜನ್ ಟೆಸ್ಟ್ ಅನೇಕ ಪ್ರಕರಣಗಳನ್ನು ತಪ್ಪಿಸಿಕೊಳ್ಳುತ್ತದೆ. ನೆಗೆಟಿವ್ ಬಂತು ಅಂತ ಫ್ಲೂ ಇಲ್ಲ ಅನ್ನುವ ಹಾಗಿಲ್ಲ. ಆರ್‌ಟಿ-ಪಿಸಿಆರ್ ಹೆಚ್ಚು ನಂಬಿಕಸ್ಥ. ಆದರೆ ತೀವ್ರವಾಗಿರುವ ರೋಗಿಗೆ ಅದರ ವರದಿ ಬರುವವರೆಗೆ ಔಷಧಿ ತಡೆಹಿಡಿಯಬಾರದು.

ಲಸಿಕೆ ಯಾರು ಮೊದಲು ಹಾಕಿಸಿಕೊಳ್ಳಬೇಕು? ಯಾವಾಗ?

65 ದಾಟಿದವರು, ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳು, ಅದರಲ್ಲೂ 2 ವರ್ಷದೊಳಗಿನವರು. ಜೊತೆಗೆ ಅಸ್ತಮಾ, ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ತೀರಾ ದಪ್ಪ ಇರುವವರು, ಮತ್ತು ಇವರನ್ನೆಲ್ಲ ನೋಡಿಕೊಳ್ಳುವವರು.

ಹೃದಯದ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚು ಕಂಡುಬಂತು. ಹಾಗಾಗಿ ಹೃದ್ರೋಗಿಗಳಿಗೆ ಫ್ಲೂ ಲಸಿಕೆ ಹೃದಯದ ಆರೈಕೆಯ ಭಾಗವೂ ಹೌದು.

6 ತಿಂಗಳೊಳಗಿನ ಮಗುವಿಗೆ ಲಸಿಕೆ ಇಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಹಾಕಿಸಿಕೊಂಡರೆ ಆ ರಕ್ಷಣೆ ಮಗುವಿಗೂ ಹೋಗುತ್ತದೆ. 6 ತಿಂಗಳಿಂದ 8 ವರ್ಷದ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ಸಾಮಾನ್ಯವಾಗಿ ಕನಿಷ್ಠ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಅಂದರೆ ಅಕ್ಕಪಕ್ಕದ ಮನೆಯವರು ಕೆಮ್ಮುವ ಹೊತ್ತಿಗೆ ಹೋಗುವುದಲ್ಲ, ಸೀಸನ್‌ಗೆ ಮೊದಲೇ ಹೋಗಬೇಕು. ತಡವಾದರೂ ಹಾಕಿಸದೇ ಇರುವುದಕ್ಕಿಂತ ಹಾಕಿಸುವುದು ಮೇಲು.

ಹೋದ ಸಲ ಹಾಕಿಸಿಕೊಂಡೆ, ಆದರೂ ಫ್ಲೂ ಬಂತು. ಮತ್ತೆ ಯಾಕೆ?

ಬರಬಹುದು, ನಿಜ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಲಸಿಕೆ ಫ್ಲೂನಿಂದ ಡಾಕ್ಟರ್ ಹತ್ತಿರ ಹೋಗಬೇಕಾದ ಸಾಧ್ಯತೆಯನ್ನು ಶೇ. 40ರಿಂದ 60ರಷ್ಟು ಕಡಿಮೆ ಮಾಡುತ್ತದೆ. ಉಳಿದದ್ದನ್ನು ತಡೆಯುವುದಿಲ್ಲ. ಆದರೆ ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಐಸಿಯು ತಲುಪುವುದು ಕಡಿಮೆ. ಜೋರಾದ ಸೀಸನ್‌ನಲ್ಲಿ ಆಸ್ಪತ್ರೆಗೆ ಬೇಕಾಗಿರುವುದು ಇದೇ.

ವರ್ಷ ವರ್ಷ ಹಾಕಿಸಬೇಕಾದ್ದಕ್ಕೆ ಎರಡು ಕಾರಣ. ದೇಹದಲ್ಲಿ ರಕ್ಷಣೆ ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ, ವೈರಸ್ ಕೂಡ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಳಿಗಳನ್ನು ಸೂಚಿಸುತ್ತದೆ, ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳಕ್ಕೆ. ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು ಬೇಕು.

ಲಸಿಕೆಯಿಂದಲೇ ಫ್ಲೂ ಬರುತ್ತದಂತೆ?

ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬಿಸಿಯಾಗಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಅದನ್ನು ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಕೊಡುವುದಿಲ್ಲ.

ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ಮಾಸ್ಕ್, ಸೋಪು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಅಸ್ತಮಾದ ಇನ್‌ಹೇಲರ್ ಎರಡು ಮೂರು ವಾರಕ್ಕಾಗುವಷ್ಟು. ಒಂಟಿಯಾಗಿರುವವರು ಜ್ವರ ಬಂದರೆ ದಿನಕ್ಕೆ ಎರಡು ಸಲ ಫೋನ್ ಮಾಡಿ ವಿಚಾರಿಸುವವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಎರಡು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಅನೇಕ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ನುಂಗಿದರೆ ಪ್ರಮಾಣ ಮೀರಿ ಲಿವರ್‌ಗೆ ತೊಂದರೆ. ಮತ್ತೆ, ಮಕ್ಕಳಿಗೆ, ಹದಿಹರೆಯದವರಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬೇಡಿ. ಮೆದುಳಿಗೂ ಲಿವರ್‌ಗೂ ಹಾನಿ ಮಾಡುವ ರೈ ಸಿಂಡ್ರೋಮ್ ಬರಬಹುದು.

ಮನೆಯಲ್ಲೇ ಇರಬಹುದಾ, ಆಸ್ಪತ್ರೆಗೆ ಓಡಬೇಕಾ? ಹೇಗೆ ಗೊತ್ತಾಗುತ್ತದೆ?

ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಹೆಚ್ಚಿನವರು ಮನೆಯಲ್ಲೇ ವಿಶ್ರಾಂತಿ ತೆಗೆದುಕೊಂಡು, ಚೆನ್ನಾಗಿ ನೀರು ಕುಡಿದು ಗುಣವಾಗುತ್ತಾರೆ. ಅವರು ಸುಮ್ನೆ ತುರ್ತು ವಿಭಾಗಕ್ಕೆ ಬಂದರೆ ನಿಜವಾಗಿ ಬೇಕಾದವರಿಗೆ ತಡವಾಗುತ್ತದೆ. ಆದರೆ ಬರಲೇಬೇಕಾದವರು ಮುಜುಗರಪಟ್ಟು ಮನೆಯಲ್ಲಿ ಉಳಿಯುವುದು ಅದಕ್ಕಿಂತ ದೊಡ್ಡ ಅಪಾಯ.

ದೊಡ್ಡವರಲ್ಲಿ: ಏದುಸಿರು, ಎದೆ ನೋವು ಅಥವಾ ಒತ್ತಡ, ಗೊಂದಲ, ಎಬ್ಬಿಸಿದರೂ ಎಚ್ಚರವಾಗದಿರುವುದು, ಫಿಟ್ಸ್, ಮೂತ್ರ ಬಾರದಿರುವುದು, ನಿಲ್ಲಲಾಗದಷ್ಟು ನಿಶ್ಶಕ್ತಿ. ಇದರಲ್ಲಿ ಒಂದು ಕಂಡರೂ ಹೊರಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ, ಸುಮ್ಮನೆ ಕುಳಿತಾಗ 94ಕ್ಕಿಂತ ಕಡಿಮೆ ತೋರಿಸಿದರೆ ಡಾಕ್ಟರನ್ನು ಕಾಣಿ, 90ಕ್ಕಿಂತ ಕಡಿಮೆಯಾದರೆ ತುರ್ತು ಅಂತ ತಿಳಿಯಿರಿ. ಉಗುರು ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ತಪ್ಪಬಹುದು. ಚರ್ಮ ಕಪ್ಪಗಿರುವವರಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಅಂಕಿ ಚೆನ್ನಾಗಿದ್ದರೂ ಉಸಿರು ಕಷ್ಟವಾಗಿದ್ದರೆ ಉಸಿರನ್ನೇ ನಂಬಿ.

ಮಗುವಿನಲ್ಲಿ: ಅಂಗಿ ಬಿಚ್ಚಿ, ಮಗು ಅಳದೇ ಇರುವಾಗ ಎದೆ ನೋಡಿ. ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದೆಯಾ? ತುಟಿ ನೀಲಿಯಾಗಿದೆಯಾ? ಎಂಟು ಗಂಟೆ ಮೂತ್ರ ಮಾಡಿಲ್ಲವಾ? ಅಳುವಾಗ ಕಣ್ಣೀರಿಲ್ಲವಾ? ತಡ ಮಾಡಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬೇಡಿ.

ಇನ್ನೊಂದು ಮೋಸದ ಲಕ್ಷಣ ಇದೆ. ಜ್ವರ ಬಿಡುತ್ತದೆ, ರೋಗಿ ಎದ್ದು ಓಡಾಡುತ್ತಾರೆ, ಎರಡು ದಿನದ ನಂತರ ಮತ್ತೆ ಜ್ವರ, ಕೆಮ್ಮು ಜಾಸ್ತಿ, ಕಫ. ಇದು ಹಲವು ಸಲ ಫ್ಲೂ ಮಾಡಿಟ್ಟ ದಾರಿಯಲ್ಲಿ ಬ್ಯಾಕ್ಟೀರಿಯಾ ನುಗ್ಗಿ ಆದ ನ್ಯುಮೋನಿಯಾ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹಳ ಜನರನ್ನು ಕೊಂದದ್ದು ಈ ಎರಡನೇ ಹೊಡೆತವೇ. ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಆದರೆ ಸಮಯಕ್ಕೆ ಬಂದವರಿಗೆ ಮಾತ್ರ.

ಹಾಗಾದರೆ ಮೊದಲೇ ಆ್ಯಂಟಿಬಯೋಟಿಕ್ ತೆಗೆದುಕೊಂಡರೆ?

ಬೇಡ. ಅದು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ, ನ್ಯುಮೋನಿಯಾ ಬಾರದಂತೆ ತಡೆಯುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಫ್ಲೂಗೆ ಬೇರೆ ಔಷಧಿ ಇದೆ, ಒಸೆಲ್ಟಾಮಿವಿರ್. ದೊಡ್ಡವರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಕಡಿಮೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಆರೋಗ್ಯವಂತರಲ್ಲಿ ಅದು ಕಾಯಿಲೆಯನ್ನು ಸುಮಾರು ಒಂದು ದಿನ ಕಡಿಮೆ ಮಾಡುತ್ತದೆ, ಅಷ್ಟೇ. ಹಾಗಾಗಿ ಎಲ್ಲರೂ ಕೊಂಡು ಕೂಡಿಡುವುದು ತಪ್ಪು. ಅಪಾಯ ಹೆಚ್ಚಿರುವವರಿಗೆ, ದಾಖಲಾದವರಿಗೆ ಅದು ಸಿಗಬೇಕು. ಅಂಥವರು ಮೊದಲ ದಿನವೇ ಡಾಕ್ಟರಿಗೆ ಫೋನ್ ಮಾಡಿ.

ಮಾಸ್ಕ್, ಕೈ ತೊಳೆಯುವುದು, ಇವೆಲ್ಲ ನಿಜವಾಗಿ ಉಪಯೋಗವೇ?

2020-21ರಲ್ಲಿ ಪ್ರಪಂಚದ ಹೆಚ್ಚಿನ ಕಡೆ ಫ್ಲೂ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಮಾಸ್ಕ್, ಅಂತರ, ಪ್ರಯಾಣ ನಿಂತದ್ದು, ಶಾಲೆ ಮುಚ್ಚಿದ್ದು ಎಲ್ಲ ಸೇರಿ ಹಾಗಾಯಿತು. ಫ್ಲೂ ಬಿ ವೈರಸ್‌ನ ಯಮಗಾಟಾ ಅನ್ನುವ ವಂಶ 2020ರ ಮಾರ್ಚ್ ನಂತರ ಖಚಿತವಾಗಿ ಪತ್ತೆಯಾಗಿಲ್ಲ. ಅದಕ್ಕೇ ಲಸಿಕೆಯಲ್ಲಿ ಅದು ಬೇಡ ಅಂತ ಈಗ ಸಲಹೆ. ಪ್ರತಿ ವರ್ಷ ಹಾಗೆ ಎಲ್ಲವನ್ನೂ ಮುಚ್ಚಿ ಕೂರಲಾಗುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಕೆಮ್ಮುವವರು ಮಾಸ್ಕ್ ಹಾಕುವುದು, ಕಿಟಕಿ ತೆರೆಯುವುದು, 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯುವುದು, ಜ್ವರ ಇದ್ದಾಗ ಮನೆಯಲ್ಲಿರುವುದು. ಇಷ್ಟನ್ನು ಆ ಕೆಲವು ವಾರ ಜಾಸ್ತಿ ಜನ ಮಾಡಿದರೂ ರೋಗಿಗಳು ಒಂದೇ ವಾರದಲ್ಲಿ ಬಂದು ಬೀಳುವುದು ತಪ್ಪುತ್ತದೆ. ಫ್ಲೂ ತಗಲಿದವರಿಂದ, ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಅದು ಹರಡಬಲ್ಲದು. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರೂ ಕೆಲವು ದಿನ ಅಜ್ಜ ಅಜ್ಜಿಯರಿಂದ ದೂರ ಇರುವುದು ಒಳ್ಳೆಯದು.

ವೃದ್ಧಾಶ್ರಮದಲ್ಲಿ ಒಬ್ಬರಿಗೆ ಫ್ಲೂ ಬಂದರೆ?

ತಕ್ಷಣ ಪ್ರತ್ಯೇಕಿಸಿ, ಉಳಿದವರನ್ನು ದಿನವೂ ಗಮನಿಸಿ. 72 ಗಂಟೆಯೊಳಗೆ ಇಬ್ಬರಿಗೆ ಕಾಯಿಲೆ ಬಂದು ಒಬ್ಬರಲ್ಲಾದರೂ ಫ್ಲೂ ಖಚಿತವಾದರೆ ಅದನ್ನು ಹರಡುವಿಕೆ ಅಂತಲೇ ಎಣಿಸಬೇಕು. ಕಾಯಿಲೆ ಬಾರದವರಿಗೂ ಮುಂಜಾಗ್ರತೆಯಾಗಿ ಔಷಧಿ ಕೊಡುವ ಬಗ್ಗೆ ಡಾಕ್ಟರ್ ಆ ದಿನವೇ ತೀರ್ಮಾನಿಸಬೇಕು. ಅದಕ್ಕೆ ಪ್ರತಿಯೊಬ್ಬರ ಕಿಡ್ನಿ ವರದಿ, ತೂಕ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಕೈಗೆ ಸಿಗುವಂತಿರಬೇಕು. ಸೀಸನ್‌ಗೆ ಮೊದಲು ಆ ಪಟ್ಟಿ ಮಾಡಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಗುಣವಾದ ಮೇಲೆ ಕೆಲಸಕ್ಕೆ, ಶಾಲೆಗೆ ಯಾವಾಗ ಹೋಗಬಹುದು?

ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದೇ ಇದ್ದು, ಒಟ್ಟಾರೆ ಮೈ ಹಗುರವಾಗುತ್ತಿದ್ದರೆ ಹೋಗಬಹುದು. ಬೆಳಿಗ್ಗೆ ಮಾತ್ರೆ ಕೊಟ್ಟು ಮಗುವನ್ನು ಶಾಲೆಗೆ ಕಳಿಸುವುದು ಬೇಡ. ಮಧ್ಯಾಹ್ನ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ತರಗತಿಯಲ್ಲಿ ಇನ್ನಷ್ಟು ಮಕ್ಕಳಿಗೆ ತಗಲಿರಬಹುದು. ಕೆಮ್ಮು, ಸುಸ್ತು ಎರಡು ವಾರಕ್ಕಿಂತ ಜಾಸ್ತಿ ಎಳೆಯಬಹುದು, ವಯಸ್ಸಾದವರಲ್ಲಿ ಇನ್ನೂ ನಿಧಾನ. ಮೊದಲ ಕೆಲವು ದಿನ ಮಾಸ್ಕ್ ಹಾಕಿಕೊಳ್ಳಿ, ಭಾರದ ಕೆಲಸ ಬೇಡ. ಆಸ್ಪತ್ರೆಯ ಸಿಬ್ಬಂದಿಯಾಗಿದ್ದರೆ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ರೋಗಿಗಳ ವಾರ್ಡಿಗೆ ಮರಳುವ ಮೊದಲು ಸೋಂಕು ನಿಯಂತ್ರಣ ತಂಡದವರನ್ನು ಕೇಳಿಕೊಂಡು ಹೋಗಿ.